ಸಿಯಾಹಾದಲ್ಲಿ ಬರೆದದ್ದು, ಬರೆಯದೆ ಬಿಟ್ಟದ್ದು

ಬಸವಕಲ್ಯಾಣ, ಹುಮನಾಬಾದ್ ಎರಡೂ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದಲ್ಲಿ ನಿಕಾಹ್ ದಾಖಲಾಗುತ್ತಿದ್ದ ಪುಸ್ತಕಕ್ಕೆ ಸಿಯಾಹಾ ಎಂದು ಹೆಸರು. ವಧೂವರರು, ವಧುವಿನ ಪರ ಒಪ್ಪಿಗೆ ತಿಳಿಸುವ ವಕೀಲ, ಸಾಕ್ಷಿಗಳು, ಗಂಡು ಹೆಣ್ಣಿಗೆ ಕೊಡಬೇಕಾದ ಮೆಹರಿನ ಮೊತ್ತ ಎಲ್ಲವನ್ನೂ ಖಾಜಿ ಅದರಲ್ಲಿ ಬರೆದಿಡುತ್ತಿದ್ದರು. ಇಸ್ಲಾಮಿನಲ್ಲಿ ಮದುವೆ ಬರೀ ಕರಾರು ಎಂದು ಹಗುರವಾಗಿ ಮಾತಾಡುವವರಿದ್ದಾರೆ. ಆ ಮದುವೆಯ ನೈತಿಕ ಬಲ ಇರುವುದೇ ಆ ಕರಾರಿನಲ್ಲಿ. ಹೆಣ್ಣಿನ ಒಪ್ಪಿಗೆ ಕೇಳದೆ ಮುಂದುವರಿಯುವಂತಿಲ್ಲ. ಮೆಹರ್ ಅವಳ ಸ್ವಂತ ಸೊತ್ತು. ಅದು ಹೆಣ್ಣಿಗೆ ಕಟ್ಟಿದ ಬೆಲೆಯಲ್ಲವೇ ಎಂದು ಕೇಳಬಹುದು. ಬೆಲೆಯಾಗಿದ್ದರೆ ತಂದೆಯ ಕೈ ಸೇರಬೇಕಿತ್ತು. ಇಸ್ಲಾಮಿಗೆ ಮುಂಚಿನ ಅರಬರಲ್ಲಿ ಅದು ಹೆಣ್ಣಿನ ಕಡೆಯ ಹಿರಿಯರ ಪಾಲಾಗುವುದಿತ್ತು. ಹೆಣ್ಣಿಗೇ ಕೊಡಿ ಎಂದು ಕುರಾನಿನ ನಿಸಾ ಅಧ್ಯಾಯ ವಿಧಿಸಿತು.

ಬರೆದದ್ದು ಅವಳ ಕೈಗೆ ಬಂತೇ ಎಂಬುದು ಬೇರೆಯೇ ಪ್ರಶ್ನೆ. ಮುಂದೂಡಿದ ಮೆಹರಿನ ಮಾತು ಬರುವುದು ತಲಾಖಿನಲ್ಲಿ, ಇಲ್ಲವೇ ಸಾವಿನಲ್ಲಿ. ಸಂಸ್ಥಾನದ ನಾಣ್ಯವಾದ ಉಸ್ಮಾನಿಯಾ ಸಿಕ್ಕಾ 7 ಕೊಟ್ಟರೆ ಬ್ರಿಟಿಷ್ ಇಂಡಿಯಾದ 6 ಕಲ್ದಾರ್ ರೂಪಾಯಿ ಬರುತ್ತಿದ್ದ ಕಾಲವೊಂದಿತ್ತು. ಸಂಸ್ಥಾನ ಹೋಯಿತು, ಸಿಕ್ಕಾ ಹೋಯಿತು, ರೂಪಾಯಿಯೂ ಸವೆಯಿತು. ಮದುವೆಯ ದಿನ ಘನವಾಗಿದ್ದ ಮೊತ್ತದಲ್ಲಿ ಮುಪ್ಪಿನ ಹೊತ್ತಿಗೆ ಏನೂ ಉಳಿಯದು. ಗಂಡನ ಜನಾಜಾ ಏಳುವ ಮುನ್ನ ವಿಧವೆಯ ಬಾಯಲ್ಲಿ ‘ಮೆಹರ್ ಮಾಫ್’ ಅನ್ನಿಸುವ ರೂಢಿಯೂ ಉಂಟು. ಅಳುತ್ತಿರುವವಳಿಂದ ಹಾಗೆ ಬಿಡಿಸಿಕೊಂಡ ಸಾಲವನ್ನು ಕ್ಷಮೆ ಎನ್ನಲಾಗದು. ಇತ್ತ ದಖ್ಖನಿ ಮಾತಿನ ‘ಜೋಡೇ ಕೀ ರಖಮ್’ ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ನಗದಾಗಿಯೇ ಹೋಗುತ್ತದೆ, ಸಿಯಾಹಾದಲ್ಲಿ ಅದಕ್ಕೆ ಜಾಗವೇ ಇಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮೆಹರನ್ನು ಹೊರಗಿಟ್ಟಿತು. ಈ ರಖಮ್‌ಗೆ ಅಂಥ ವಿನಾಯಿತಿ ಇಲ್ಲ. ಪ್ರೀತಿಯಿಂದ ಕೊಟ್ಟದ್ದು ಎನ್ನುತ್ತಾರೆ. ಕೊಡದಿದ್ದರೆ ಸಂಬಂಧ ಮುರಿಯುವುದಾದರೆ ಅದು ಯಾವ ಪ್ರೀತಿ?

ಮನೆಯೊಳಗಿನ ವಿಷಯ, ಊರಿಗೇನು ಎಂಬ ಮಾತು ಕಲ್ಯಾಣದಲ್ಲಂತೂ ನಿಲ್ಲದು. ಶರಣರಾದ ಹರಳಯ್ಯ, ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆಗಾಗಿ 12ನೇ ಶತಮಾನದಲ್ಲಿ ಪ್ರಾಣ ತೆತ್ತವರನ್ನು ಈ ಊರು ಇನ್ನೂ ಮರೆತಿಲ್ಲ. ಕರಾರು ಮುರಿದರೆ ಹೊಣೆಯೂ ಮುಗಿಯಿತು ಎಂಬ ವಾದಕ್ಕೆ ಕರ್ನಾಟಕ ಹೈಕೋರ್ಟ್ 2021ರಲ್ಲಿ ಉತ್ತರಿಸಿದೆ: ಮುಸ್ಲಿಂ ಮದುವೆ ಕರಾರೇ ಹೌದು, ಆದರೆ ಅದರಿಂದ ಹುಟ್ಟಿದ ಕೆಲವು ಹೊಣೆಗಳು ತಲಾಖಿನ ನಂತರವೂ ಉಳಿಯುತ್ತವೆ. ಹಾಗಿದ್ದಮೇಲೆ ಖಾಜಿಗಳೂ ಜಮಾತಿನ ಹಿರಿಯರೂ ಮಾಡಬೇಕಾದ ಕೆಲಸ ಕಣ್ಣೆದುರಿಗೇ ಇದೆ. ಮೆಹರನ್ನು ರೂಪಾಯಿಯಲ್ಲಲ್ಲ, ಬಂಗಾರದ ತೂಕದಲ್ಲಿ ಬರೆಸಲಿ. ನಿಕಾಹಿನ ಮಜಲಿಸಿನಲ್ಲೇ ಅವಳ ಕೈಗೆ ಕೊಡಿಸಲಿ. ಜೋಡೇ ಕೀ ರಖಮ್ ಪಡೆದ ಮನೆಯ ನಿಕಾಹ್ ಓದಲು ಒಲ್ಲೆ ಎನ್ನಲಿ. ಇದಕ್ಕೆ ಶರೀಅತ್ ಅಡ್ಡ ಬರುವುದಿಲ್ಲ.