ಸನ್ನದು ಪಡೆದ ಕಡಲ್ಗಳ್ಳ
ಕಡಲು, ಕಳ್ಳ ಎರಡೂ ಕೂಡಿದರೆ ಕಕಾರ ಗಕಾರವಾಗಿ ‘ಕಡಲ್ಗಳ್ಳ’. ಸೊಮಾಲಿಯಾ ಬಳಿ ಹಡಗು ಅಪಹರಣವಾದರೆ ನಮ್ಮ ಪತ್ರಿಕೆಗಳು ಬಳಸುವುದು ಇದನ್ನೇ. ಹೊಸ ಸಿನಿಮಾ ಕದ್ದು ಹಂಚಿದರೆ ಮಾತ್ರ ‘ಪೈರಸಿ’ ಎನ್ನುತ್ತೇವೆ, ಅಲ್ಲಿ ಕಡಲಿಲ್ಲವಲ್ಲ. ‘ಕಡಲ್ಗಳ್ಳ’ ನನಗೆ ತುಂಬ ಇಷ್ಟವಾದ, ಚೊಕ್ಕ ಪದ. ಆದರೂ ವಿಲಿಯಂ ಡ್ಯಾಂಪಿಯರ್‌ನ ವಿಷಯಕ್ಕೆ ಬಂದಾಗ ಅದೊಂದೇ ಸಾಲದು.

1651ರಲ್ಲಿ ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಹುಟ್ಟಿದ ಈತ ಭೂಮಿಯನ್ನು ಮೂರು ಸಲ ಸುತ್ತಿಬಂದ. ಹರೆಯದಲ್ಲಿ ಕೆರಿಬಿಯನ್ ಲೂಟಿಕೋರರ ಜೊತೆ ಸೇರಿ ಸ್ಪೇನಿನ ಹಡಗುಗಳ ಮೇಲೆ, ಊರುಗಳ ಮೇಲೆ ಬಿದ್ದ. ಆ ದಿನಗಳ ಡ್ಯಾಂಪಿಯರ್‌ನನ್ನು ಕಡಲ್ಗಳ್ಳ ಎನ್ನಲು ನನಗೆ ಅಳುಕಿಲ್ಲ. 1703ರಲ್ಲಿ ಮತ್ತೆ ಸ್ಪೇನಿನ ಹಡಗುಗಳ ಬೆನ್ನು ಹತ್ತಿದಾಗ ಮಾತ್ರ ಕೈಯಲ್ಲಿ ಸನ್ನದು ಇತ್ತು. ಯುದ್ಧಕಾಲದಲ್ಲಿ ಶತ್ರುವಿನ ಹಡಗು ಹಿಡಿಯಲು ಸರ್ಕಾರವೇ ಖಾಸಗಿಯವರಿಗೆ ಅನುಮತಿ ಕೊಡುತ್ತಿದ್ದ ಕಾಲವದು. ಹಾಗೆ ಹೊರಟವನು ಪ್ರೈವೆಟಿಯರ್. ಸೆರೆಸಿಕ್ಕರೆ ಯುದ್ಧಕೈದಿ ಎಂದು ಹೇಳಿಕೊಳ್ಳಬಹುದು, ಕಡಲ್ಗಳ್ಳನಿಗಾದರೆ ನೇಣು. ಕೊರಳಿನ ಪ್ರಶ್ನೆಯಾಗಿದ್ದ ಈ ವ್ಯತ್ಯಾಸ ನಮ್ಮ ಪದದಲ್ಲಿ ಕಾಣುವುದಿಲ್ಲ. ನಮ್ಮ ಕರಾವಳಿಯಲ್ಲೂ ಇದೇ ಕಥೆ: ಪೋರ್ಚುಗೀಸರು ತಿಮೋಜ ಎಂದು ಕರೆದ ಹೊನ್ನಾವರದ ತಿಮ್ಮಯ್ಯ ವಿಜಯನಗರದ ಪರವಾಗಿ ಹಡಗು ಹಿಡಿಯುತ್ತಿದ್ದವನು. 1510ರಲ್ಲಿ ಗೋವೆಯ ಮೇಲೆ ಏರಿಹೋಗಲು ಪೋರ್ಚುಗೀಸ್ ಸೇನಾಪತಿ ಆಲ್ಬುಕರ್ಕ್‌ನನ್ನು ಹುರಿದುಂಬಿಸಿದವನೂ ಅವನೇ. ಅವನನ್ನೂ ಬರೀ ಕಡಲ್ಗಳ್ಳ ಎಂದು ಬರೆದು ಮುಗಿಸಿದವರಿದ್ದಾರೆ.

ಹಾಗೆಂದು ‘ಕಳ್ಳ’ನನ್ನು ಪದದಿಂದ ಕಿತ್ತುಹಾಕಲು ನನಗೆ ಮನಸ್ಸಿಲ್ಲ. ಮನೆ ಸುಲಿಗೆಯಾದವರಿಗೆ ಯಾವ ರಾಜನ ಮುದ್ರೆ ಇದ್ದರೇನು? ‘ಸನ್ನದುಗಳ್ಳ’ ಎಂದರೆ ಎರಡೂ ಬಂತು, ಸಂಧಿಯೂ ಕೆಡಲಿಲ್ಲ.

ಇಷ್ಟಾಗಿಯೂ ಡ್ಯಾಂಪಿಯರ್‌ನ ಅರ್ಧ ಬದುಕು ಹೊರಗೇ ಉಳಿಯುತ್ತದೆ, ನಾನು ಅವನನ್ನು ಮೆಚ್ಚುವುದು ಆ ಅರ್ಧಕ್ಕೆ. 1681ರಲ್ಲಿ ಪನಾಮದ ಕಾಡು ದಾಟುವಾಗ ಮಳೆ ಹಿಡಿದಿತ್ತು, ಹೊಳೆಗಳು ತುಂಬಿದ್ದವು. ಆತ ದಪ್ಪ ಬಿದಿರಿನ ಅಂಡೆಯೊಳಗೆ ತನ್ನ ದಿನಚರಿಯ ಹಾಳೆಗಳನ್ನು ತುರುಕಿ, ಎರಡೂ ತುದಿಗೆ ಮೇಣ ಮೆತ್ತಿದ. ಮೈಯೆಲ್ಲ ತೊಯ್ದರೂ ಬರಹ ತೊಯ್ಯಲಿಲ್ಲ. ಹಾಗೆ ಕಾಪಾಡಿಕೊಂಡು ಬಂದ ಟಿಪ್ಪಣಿಗಳಿಂದಲೇ 1697ರಲ್ಲಿ ಅವನ ಮೊದಲ ಪ್ರವಾಸಗ್ರಂಥ ಹೊರಬಂತು. ಗಿಡ, ಹಕ್ಕಿ, ಆಮೆ, ಅಡುಗೆ, ಗಾಳಿ, ಕಡಲಿನ ಹರಿವು, ಯಾವುದನ್ನೂ ಬಿಟ್ಟವನಲ್ಲ. ಚಾಪ್‌ಸ್ಟಿಕ್ ಎಂಬ ಪದಕ್ಕೆ ಇಂಗ್ಲಿಷ್ ನಿಘಂಟುಗಳು ಕೊಡುವ ಹಳೆಯ ಉದಾಹರಣೆ ಅವನ ಬರಹದ್ದೇ. ಮುಂದೆ ಡಾರ್ವಿನ್ ಕೂಡ ಅವನನ್ನು ಓದಿದ.

ಒಳ್ಳೆಯ ಕಪ್ತಾನ ಮಾತ್ರ ಆಗಲಿಲ್ಲ. ಕೈಕೆಳಗಿನ ಅಧಿಕಾರಿಯನ್ನು ಹಿಂಸಿಸಿದ್ದಕ್ಕೆ 1702ರಲ್ಲಿ ನೌಕಾ ನ್ಯಾಯಾಲಯ ಶಿಕ್ಷೆ ವಿಧಿಸಿತು. ಕೊನೆಯ ಯಾನದಲ್ಲಿ ಅವನು ಪ್ರೈವೆಟಿಯರ್ ವುಡ್ಸ್ ರೋಜರ್ಸ್‌ನ ಹಡಗುಗಳಿಗೆ ದಾರಿ ತೋರುವವನಾಗಿದ್ದ. 1709ರಲ್ಲಿ ಹ್ವಾನ್ ಫರ್ನಾಂಡಿಸ್ ದ್ವೀಪದಿಂದ, ಅಲ್ಲಿ ಒಂಟಿಯಾಗಿ ಉಳಿದಿದ್ದ ನಾವಿಕ ಅಲೆಕ್ಸಾಂಡರ್ ಸೆಲ್ಕರ್ಕ್‌ನನ್ನು ಕರೆತಂದದ್ದು ಆ ಹಡಗುಗಳೇ. ಅದೇ ವರ್ಷ ಮನಿಲಾದಿಂದ ಬರುತ್ತಿದ್ದ ಸ್ಪೇನಿನ ಸಿರಿಹಡಗೊಂದೂ ಸಿಕ್ಕಿತು. ಆ ಲೂಟಿಯ ಪಾಲು ಪೂರ್ತಿ ಕೈಸೇರುವ ಮುನ್ನವೇ, 1715ರಲ್ಲಿ, ಡ್ಯಾಂಪಿಯರ್ ಲಂಡನ್ನಿನಲ್ಲಿ ಸಾಲಗಾರನಾಗಿ ತೀರಿಕೊಂಡ.