ಚಿತ್ರಕರ್ತ್ರಿ ಆರ್ತೆಮೀಸಿಯಾ

ಇಟಲಿಯ ಚಿತ್ರಕಲೆಯಲ್ಲಿ ಬೆಳಕೂ ಕತ್ತಲೆಯೂ ಒಂದನ್ನೊಂದು ಎದುರಿಸಿ ನಿಲ್ಲುವ ಬರೋಕ್ ಶೈಲಿಯು ತಲೆಯೆತ್ತುತ್ತಿದ್ದ ಕಾಲದಲ್ಲಿ, ಎಂದರೆ 1593ರಲ್ಲಿ, ರೋಮ್ ನಗರದ ಚಿತ್ರಕಾರನಾದ ಒರಾತ್ಸಿಯೊ ಜೆಂತಿಲೆಸ್ಕಿಗೆ ಆರ್ತೆಮೀಸಿಯಾ ಮಗಳಾಗಿ ಜನಿಸಿದಳು. ಹನ್ನೆರಡನೆಯ ವಯಸ್ಸಿನಲ್ಲಿಯೇ ಮಾತೃವಿಯೋಗವನ್ನು ಹೊಂದಿದ ಆಕೆಗೆ ತಂದೆಯೇ ಗುರುವಾದನು. 1610ರಲ್ಲಿ ಆಕೆ ರಚಿಸಿದ ‘ಸುಸನ್ನಾ’ ಎಂಬ ಪಟದ ವಸ್ತುವು ಸ್ನಾನಕ್ಕಿಳಿದ ಕುಲಸ್ತ್ರೀಯನ್ನು ಇಬ್ಬರು ವೃದ್ಧರು ಪೀಡಿಸುವ ಪ್ರಾಚೀನ ಕಥೆ. ಸುಸನ್ನೆಯ ಸೌಂದರ್ಯವನ್ನು ಬರೆದವರು ಅನೇಕರು. ಈ ಹದಿನೇಳರ ಬಾಲೆಯು ಆಕೆಯ ಜುಗುಪ್ಸೆಯನ್ನು ಬರೆದಳು.

ಮರುವರ್ಷವೇ ತಂದೆಯ ಸಹೋದ್ಯೋಗಿಯಾದ ಅಗೊಸ್ತಿನೊ ತಾಸ್ಸಿಯು ಆಕೆಯ ಮೇಲೆ ಬಲಾತ್ಕಾರವೆಸಗಿದನು. 1612ರಲ್ಲಿ ವಿಚಾರಣೆಯು ಏಳು ತಿಂಗಳು ನಡೆಯಿತು. ಸತ್ಯಪರೀಕ್ಷೆಗೆಂದು ನ್ಯಾಯಾಸ್ಥಾನದವರು ಆಕೆಯ ಬೆರಳುಗಳಿಗೆ ಹುರಿ ಸುತ್ತಿ ಬಿಗಿದರು. ಕುಂಚ ಹಿಡಿಯುವ ಬೆರಳುಗಳವು! ಆಕೆ ನುಡಿದ ಮಾತನ್ನು ಬದಲಿಸಲಿಲ್ಲ. ತಾಸ್ಸಿಗೆ ಗಡೀಪಾರಿನ ಶಿಕ್ಷೆಯಾಯಿತಾದರೂ ಅದು ನಡೆದುಬರಲಿಲ್ಲ.

ತರುವಾಯ ವಿವಾಹವಾಗಿ ಫ್ಲಾರೆನ್ಸ್ ನಗರಕ್ಕೆ ಹೋದ ಆಕೆ 1616ರಲ್ಲಿ ಅಲ್ಲಿಯ ಚಿತ್ರಕಲಾ ವಿದ್ವತ್ಸಭೆಗೆ ಪ್ರಥಮ ಸ್ತ್ರೀಸದಸ್ಯಳಾದಳು. ನೇಪಲ್ಸಿನಲ್ಲಿ ಬಹುಕಾಲ ಬಾಳಿ, ಲಂಡನ್ನಿನಲ್ಲಿಯೂ ರಾಜಾಶ್ರಯದಲ್ಲಿ ಚಿತ್ರ ಬರೆದಳು. ಅದೇ ಶತಮಾನದ ಉತ್ತರಾರ್ಧದಲ್ಲಿ ಮೈಸೂರರಮನೆಯ ಸಂಚಿಯ ಹೊನ್ನಮ್ಮನು ಪ್ರಸಿದ್ಧಳಾದುದನ್ನು ವಾಚಕರು ಬಲ್ಲರು. ‘ಹದಿಬದೆಯ ಧರ್ಮ’ದೊಡನೆ ಅವಳ ಹೆಸರೂ ಉಳಿಯಿತು. ಆರ್ತೆಮೀಸಿಯೆಗೆ ಆ ಭಾಗ್ಯವು ಸುಲಭವಾಗಲಿಲ್ಲ. ‘ಸುಸನ್ನಾ’ ಪಟದ ಮೇಲೆ ತನ್ನ ಹೆಸರನ್ನೂ ವರ್ಷವನ್ನೂ ಆಕೆಯೇ ಬರೆದಿದ್ದರೂ, ಕೆಲವು ಪಂಡಿತರು ಅದನ್ನು ತಂದೆಯದೆಂದೇ ವಾದಿಸಿದರು. ಇಂಗ್ಲೆಂಡಿನ ರಾಜಸಂಗ್ರಹದಲ್ಲಿ ಫ್ರೆಂಚರ ಕೃತಿಯೆಂದು ದಾಖಲಾಗಿ ಉಗ್ರಾಣ ಸೇರಿದ್ದ, ಅದೇ ಕಥೆಯ ಇನ್ನೊಂದು ಪಟವು ಆಕೆಯದೆಂದು 2023ರಲ್ಲಿ ಪ್ರಕಟವಾಯಿತು.