ತ್ರೀ ಕಲರ್ಸ್: ವೈಟ್

ತ್ರೀ ಕಲರ್ಸ್: ವೈಟ್ ಪೋಲೆಂಡಿನ ನಿರ್ದೇಶಕ ಕ್ರಿಶ್ಟೋಫ್ ಕೀಶ್ಲೋವ್ಸ್ಕಿಯವರ 1994ರ ಚಲನಚಿತ್ರ. ಫ್ರಾನ್ಸಿನ ಧ್ವಜದ ಮೂರು ಬಣ್ಣಗಳನ್ನು ಆಧರಿಸಿದ ಚಿತ್ರತ್ರಯದಲ್ಲಿ ಇದು ಎರಡನೆಯದು. ಇಲ್ಲಿ ಬಿಳಿ ಬಣ್ಣವು ಸಮಾನತೆಯ ಸಂಕೇತ.

ಕಥಾವಸ್ತು

ಪೋಲಿಶ್ ಕ್ಷೌರಿಕ ಕರೋಲ್ ಕರೋಲ್‌ನಿಗೆ ಫ್ರೆಂಚ್ ಪತ್ನಿ ಡೊಮಿನಿಕ್ ಪ್ಯಾರಿಸ್ಸಿನಲ್ಲಿ ವಿಚ್ಛೇದನ ನೀಡುತ್ತಾಳೆ. ದಾಂಪತ್ಯ ಸಂಬಂಧ ಏರ್ಪಡಲಿಲ್ಲವೆಂಬುದೇ ಕಾರಣ. ನ್ಯಾಯಾಲಯದ ಭಾಷೆಯನ್ನೂ ಸರಿಯಾಗಿ ಅರಿಯದ ಆತ, ತನಗೆ ಫ್ರೆಂಚ್ ಬಾರದೆಂದ ಮಾತ್ರಕ್ಕೆ ತನ್ನ ವಾದವನ್ನು ಕೇಳುವುದಿಲ್ಲವೇ, ಸಮಾನತೆ ಎಲ್ಲಿದೆ ಎಂದು ಪ್ರಶ್ನಿಸುತ್ತಾನೆ. ನಿರ್ಗತಿಕನಾಗಿ ಮೆಟ್ರೋ ನಿಲ್ದಾಣದಲ್ಲಿ ಬಾಚಣಿಗೆ ಊದುತ್ತ ಬೇಡುವಾಗ ಸ್ವದೇಶದವನೇ ಆದ ಮಿಕೊಲಾಯ್‌ನ ಪರಿಚಯವಾಗುತ್ತದೆ. ಅವನ ಸೂಟ್‌ಕೇಸಿನೊಳಗೆ ಅಡಗಿ ಕರೋಲ್ ವಾರ್ಸಾ ತಲುಪುತ್ತಾನೆ. ಕಳ್ಳರು ಆ ಪೆಟ್ಟಿಗೆಯನ್ನೇ ಕದ್ದು, ಅವನನ್ನು ಥಳಿಸಿ ಹಿಮ ಮುಚ್ಚಿದ ಕಸದ ಗುಂಡಿಯಲ್ಲಿ ಎಸೆದಾಗಲೂ ತಾಯ್ನಾಡು ಸೇರಿದ ಸಮಾಧಾನ ಅವನದು. ಚಿತ್ರದ ಕಹಿಹಾಸ್ಯ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಕಮ್ಯುನಿಸ್ಟ್ ಆಡಳಿತ ಕೊನೆಗೊಂಡು ಎಲ್ಲವೂ ಮಾರಾಟಕ್ಕಿರುವ ಪೋಲೆಂಡಿನಲ್ಲಿ ಕರೋಲ್ ಜಮೀನಿನ ವ್ಯವಹಾರದಿಂದ ಶ್ರೀಮಂತನಾಗುತ್ತಾನೆ. ಆಸ್ತಿಯನ್ನು ಡೊಮಿನಿಕ್‌ಳ ಹೆಸರಿಗೆ ಬರೆದು ಸತ್ತಂತೆ ನಟಿಸುತ್ತಾನೆ. ಅಂತ್ಯಕ್ರಿಯೆಗೆ ಬಂದವಳು ಕೊಲೆಯ ಆರೋಪದಲ್ಲಿ ಬಂಧಿತಳಾಗುತ್ತಾಳೆ. ಸೇಡು ಈಡೇರಿದರೂ, ಸೆರೆಮನೆಯ ಕಿಟಕಿಯಿಂದ ಅವಳು ಮಾಡುವ ಕೈಸನ್ನೆಗಳನ್ನು ನೋಡುತ್ತ ಅವನು ಕಣ್ಣೀರಿಡುತ್ತಾನೆ. ಅವಮಾನಿತರಾಗುವುದರಲ್ಲಿ ಇಬ್ಬರೂ ಸಮಾನರಾದರೆಂದು ಈ ದೃಶ್ಯವನ್ನು ಅರ್ಥೈಸಬಹುದು.

ತಯಾರಿಕೆ

ಕೀಶ್ಲೋವ್ಸ್ಕಿ ಮತ್ತು ವಕೀಲರಾಗಿದ್ದ ಕ್ರಿಶ್ಟೋಫ್ ಪಿಯೆಸೆವಿಚ್ ಚಿತ್ರಕಥೆ ರಚಿಸಿದರು. ಜ್ಬಿಗ್ನ್ಯೆವ್ ಜಮಾಖೋವ್ಸ್ಕಿ, ಜೂಲಿ ಡೆಲ್ಪಿ ಹಾಗೂ ಯಾನುಷ್ ಗಾಯೋಸ್ ಮುಖ್ಯ ಪಾತ್ರಗಳಲ್ಲಿದ್ದಾರೆ. ಸಂಗೀತ ಜ್ಬಿಗ್ನ್ಯೆವ್ ಪ್ರೈಸ್ನರ್ ಅವರದು. 1994ರ ಬರ್ಲಿನ್ ಚಲನಚಿತ್ರೋತ್ಸವದಲ್ಲಿ ಕೀಶ್ಲೋವ್ಸ್ಕಿ ಅತ್ಯುತ್ತಮ ನಿರ್ದೇಶಕರೆಂದು ಬೆಳ್ಳಿ ಕರಡಿ ಪ್ರಶಸ್ತಿ ಪಡೆದರು. ಚಿತ್ರತ್ರಯದ ಕೊನೆಯ ಭಾಗವಾದ 'ರೆಡ್'ನ ಅಂತ್ಯದಲ್ಲಿ, ಹಡಗು ದುರಂತದಿಂದ ಪಾರಾದವರ ನಡುವೆ ಈ ದಂಪತಿ ಮತ್ತೆ ಕಾಣಿಸಿಕೊಳ್ಳುತ್ತಾರೆ.